ನನ್ನ ಸೊಂಟಕ್ಕೆ ಹದಿನಾಲ್ಕು ಅಂಕ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಇದು ಹುಟ್ಟಿನಿಂದ ಬಂದ ಗುಣವಲ್ಲ, ನೌಕರಿಯಿಂದ ಬಂದದ್ದು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿ ಸುತ್ತಿದವನಿಗೆ ಹಾಲಿನವನ ಲೀಟರು ಕಂಡರೆ ಅನುಮಾನ, ಬಟ್ಟೆ ಅಂಗಡಿಯ ಮೀಟರ್ ಪಟ್ಟಿ ಕಂಡರೆ ಅನುಮಾನ, ಮದುವೆ ಮನೆಯಲ್ಲಿ ಪಾಯಸ ಬಡಿಸುವವನ ಸೌಟು ಕಂಡರಂತೂ ಕೈ ತಾನಾಗಿ ಜೇಬಿನ ನೋಟ್‌ಬುಕ್ಕಿಗೆ ಹೋಗುತ್ತದೆ. "ಹತ್ತೇ ನಿಮಿಷದಲ್ಲಿ ಬಂದ್ಬಿಡ್ತೀನಿ" ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ಆ ಹತ್ತು ನಿಮಿಷಕ್ಕೆ ಮೊಹರು ಬಿದ್ದಿದೆಯೇ ಎಂದು ಕೇಳುವ ಚಪಲ. ಇಂಥ ನಾನೇ ಒಂದು ಅಳತೆಗೆ ಮೋಸ ಮಾಡಿದೆ. ಮಾಡಿದ್ದು ನನ್ನದೇ ಬೆನ್ನಿನ ವಿಷಯದಲ್ಲಿ, ಅದೂ ನಾನೇ ಹಿಂದೆ ಕೇಸು ಬರೆದಿದ್ದ ಅಂಗಡಿಯವನೊಬ್ಬನ ಕಣ್ಣೆದುರಿಗೆ. ಇದು ನಿಧಾನವಾಗಿ ಕೂತು ಹೇಳಬೇಕಾದ ಸಂಗತಿ. ಆದರೆ ನನಗೆ ಕೂರಲಾಗುವುದಿಲ್ಲ. ಫ್ರಿಜ್ಜಿನ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.

ಬೆನ್ನು ಹೋದದ್ದು ಭದ್ರಾವತಿಯಲ್ಲಿ. ಮನೆ ಶಿವಮೊಗ್ಗದ ನವುಲೆಯ ಕಡೆ, ಆಫೀಸೂ ಶಿವಮೊಗ್ಗವೇ, ಆದರೆ ಭದ್ರಾವತಿಯ ಅಂಗಡಿಗಳು ನನ್ನ ಪಾಲಿಗೆ ಬಂದಿದ್ದವು. ವರ್ಷಕ್ಕೊಮ್ಮೆ ಅಲ್ಲಿ ಮೊಹರಿನ ಕ್ಯಾಂಪು ಹಾಕುತ್ತೇವೆ. ಅಂಗಡಿಯವರು ತಮ್ಮ ತಕ್ಕಡಿ, ತೂಕದ ಕಲ್ಲು ಎಲ್ಲ ಹೊತ್ತು ತರಬೇಕು. ನಾವು ಸರ್ಕಾರದ ಕಲ್ಲಿಗೆ ಹೋಲಿಸಿ ತೂಗಿ, ಸವೆದದ್ದಕ್ಕೆ ತಳದ ತೂತಿನಲ್ಲಿ ಸೀಸ ತುಂಬಿಸಿ, ಸರಿ ಬಂದ ಮೇಲೆ ಸುತ್ತಿಗೆಯಿಂದ ಆ ವರ್ಷದ ಮೊಹರು ಹೊಡೆದು ಕಳಿಸಬೇಕು. ಕಲ್ಲು ಅಂದರೆ ಕಲ್ಲಲ್ಲ, ಎರಕದ ಕಬ್ಬಿಣ. ಇಪ್ಪತ್ತು ಕಿಲೋದ ಕಲ್ಲನ್ನು ಎತ್ತಿಡಲು ರಂಗಪ್ಪ ಎಂಬ ಅಟೆಂಡರ್ ಇದ್ದ. ಬೀಡಿ ಬಾಯಲ್ಲಿಟ್ಟುಕೊಂಡೇ ಎತ್ತುತ್ತಿದ್ದ. ಅವನು ನಿವೃತ್ತನಾದ ಮೇಲಿನ ಮೊದಲ ಕ್ಯಾಂಪಿನಲ್ಲಿ "ಇದೇನು ಮಹಾ" ಎಂದು ನಾನೇ ಬಗ್ಗಿದೆ. ಬಗ್ಗಿದ್ದು ನೆನಪಿದೆ. ಕಲ್ಲು ಅಲ್ಲೇ ಇತ್ತು. ನಾನೂ ಅಲ್ಲೇ ಇದ್ದೆ, ಬಗ್ಗಿದ ಹಾಗೇ. ಸಾಲಿನಲ್ಲಿದ್ದ ಅಂಗಡಿಯವರು ಸಾಹೇಬರು ಏನೋ ಭಾರೀ ಮೋಸ ಪತ್ತೆ ಹಚ್ಚುತ್ತಿದ್ದಾರೆಂದು ಐದು ನಿಮಿಷ ಉಸಿರು ಬಿಗಿಹಿಡಿದು ಕಾದರಂತೆ. ಕೊನೆಗೆ ನಾಲ್ಕು ಜನ ಸೇರಿ ನನ್ನನ್ನು ಆಟೋಗೆ ಹಾಕಿದರು. ಆಟೋದಲ್ಲೂ ನಾನು ಕೂತಿರಲಿಲ್ಲ, ಬಗ್ಗಿಯೇ ಇದ್ದೆ.

ಅಲ್ಲಿಂದ ಶುರುವಾಯಿತು ನೋಡಿ. ಎರಡು ವರ್ಷ ನಾನು ಒಂದು ಕಡೆ ನೆಟ್ಟಗೆ ಇದ್ದದ್ದೇ ಇಲ್ಲ. ಕೂತರೆ ಏಳಬೇಕು, ಎದ್ದರೆ ಒರಗಬೇಕು, ಒರಗಿದರೆ ಮಲಗಬೇಕು, ಮಲಗಿದರೆ ಮಗ್ಗುಲು ಬದಲಿಸಬೇಕು, ಬದಲಿಸುವುದಕ್ಕೆ ಮೊದಲು ಹಿಡಿದುಕೊಳ್ಳಲು ಗೋಡೆಯಲ್ಲಿ ಕೈಗೆ ಸಿಗುವ ಮೊಳೆ ಹುಡುಕಬೇಕು. ಸಾಹಿತ್ಯ, ಸಂಗೀತ ಯಾವ ಸಭೆಗೆ ಹೋದರೂ ಹಿಂದಿನ ಗೋಡೆಯೇ ನನ್ನ ಜಾಗ. ಭಾಷಣಕಾರರು ಇವನು ಎದ್ದು ಹೋಗುವವನೋ ಪ್ರಶ್ನೆ ಕೇಳುವವನೋ ಎಂದು ತಿಳಿಯದೆ ತೊದಲುತ್ತಿದ್ದರು. ಕಂಡವರೆಲ್ಲ ಔಷಧಿ ಹೇಳಿದರು. ಹುರುಳಿ ಬಿಸಿ ಮಾಡಿ ಕಟ್ಟಿ ಅಂದರು, ಎಕ್ಕದ ಎಲೆ ಅಂದರು, ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಸಲ ಒದೆಸಿಕೊಳ್ಳಿ ಅಂದರು. ಹಾಗೆ ಹುಟ್ಟಿದವರೊಬ್ಬರು ನಮ್ಮ ಆಫೀಸಿನಲ್ಲೇ ಇದ್ದರು, ನನ್ನ ಮೇಲಧಿಕಾರಿ. ಅವರು ತೋರಿಸಿದ ಉತ್ಸಾಹ ನೋಡಿ ನಾನೇ ಬೇಡವೆಂದೆ. ಒಮ್ಮೆ ನೆಂಟರನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗಿದ್ದೆವು. ಮಾವುತ ಏನೋ ಒಂದು ಮಾತು ಹೇಳಿದ, ಅಷ್ಟು ದೊಡ್ಡ ಆನೆ ನೀರಿನಲ್ಲಿ ಕೂತಿತು, ಮಲಗಿತು, ಮೈ ಉಜ್ಜಿಸಿಕೊಂಡು ಮತ್ತೊಂದು ಮಾತಿಗೆ ಎದ್ದು ನಿಂತಿತು. ನನಗೆ ಹೊಟ್ಟೆಕಿಚ್ಚಾಯಿತು. "ಇದರ ಸೊಂಟ ಎಷ್ಟು ಗಟ್ಟಿ ನೋಡೇ" ಅಂದೆ ಗಿರಿಜಳಿಗೆ. ಗಿರಿಜ ನನ್ನ ಹೆಂಡತಿ. "ಅದು ಹೇಳಿದ ಮಾತು ಕೇಳುತ್ತೆ ಕಣ್ರೀ" ಅಂದಳು.

ಕೊನೆಗೆ ಹೋದದ್ದು ಭದ್ರಾವತಿಯ ನ್ಯೂ ಟೌನ್‌ನಲ್ಲಿ ಹೊಸದಾಗಿ ಬೋರ್ಡು ಹಾಕಿದ್ದ ಡಾಕ್ಟ್ರಮ್ಮನ ಹತ್ತಿರ. ಮೂವತ್ತು ದಾಟಿರದ ಹುಡುಗಿ. ಹೆಸರಿನ ಮುಂದೆ ಬೋರ್ಡಿನಲ್ಲಿ ಉದ್ದಕ್ಕೆ ಅಕ್ಷರಗಳಿದ್ದವು; ಅವನ್ನು ನಾನು ಓದಲಿಲ್ಲ. ಬೆನ್ನು ನೋವಿನವನಿಗೆ ಕತ್ತೆತ್ತಿ ಬೋರ್ಡು ಓದುವುದು ಅಷ್ಟು ಸುಲಭವಲ್ಲ. ಓದಿದ್ದರೆ ಮುಂದಿನ ರಾಮಾಯಣವೇ ಇರುತ್ತಿರಲಿಲ್ಲ. ಆಕೆ ಬೆನ್ನು ತಟ್ಟಿ, ಕಾಲು ಎತ್ತಿಸಿ, ಎಲ್ಲ ನೋಡಿದ ಮೇಲೆ ಒಂದು ಕಾಗದ ಕೊಟ್ಟಳು. ಕನ್ನಡದಲ್ಲಿ ಟೈಪು ಮಾಡಿದ ಇಪ್ಪತ್ತೈದು ಸಾಲು. "ಬಸ್ಸು ಹತ್ತುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಗುತ್ತದೆ." "ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಊಟ ಮಾಡಲು ಆಗುವುದಿಲ್ಲ." "ಬಿದ್ದ ವಸ್ತುವನ್ನು ಬಗ್ಗಿ ಎತ್ತಿಕೊಳ್ಳಲು ಆಗುವುದಿಲ್ಲ." "ಸಣ್ಣ ವಿಷಯಕ್ಕೂ ಮನೆಯವರ ಮೇಲೆ ಸಿಟ್ಟು ಬರುತ್ತದೆ." ಹೌದು ಅನ್ನುವ ಸಾಲಿಗೆಲ್ಲ ಗುರುತು ಹಾಕಬೇಕು, ಒಂದು ಗುರುತಿಗೆ ಒಂದು ಅಂಕ, ಪ್ರತಿ ಗುರುವಾರ ಬಂದು ಹೊಸದಾಗಿ ತುಂಬಬೇಕು.

"ಇದ್ರಿಂದ ಏನ್ ಗೊತ್ತಾಗುತ್ತೆ ಡಾಕ್ಟ್ರೇ?" ಅಂದೆ.

"ನೋವು ನಿಮ್ಮ ಜೀವನದಲ್ಲಿ ಎಷ್ಟು ಜಾಗ ಹಿಡ್ಕೊಂಡಿದೆ ಅಂತ. ಎಕ್ಸ್‌ರೇಲಿ ಮೂಳೆ ಕಾಣುತ್ತೆ ಸಾರ್, ಇದು ಕಾಣಲ್ಲ."

"ಇದಕ್ಕೆ ಮೊಹರು ಯಾರು ಹಾಕಿದಾರೆ? ಯಾವುದಕ್ಕೆ ಹೋಲ್ಸಿ ನೋಡಿದಾರೆ?" ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿಗೆ ಬಂದುಬಿಟ್ಟಿತು.

ಡಾಕ್ಟ್ರಮ್ಮ ನಕ್ಕಳು. "ನಿಮ್ಮನ್ನೇ ನಂಬೋದು ಸಾರ್. ಬೇರೆ ದಾರಿ ಇಲ್ಲ" ಅಂದಳು. ನನ್ನ ಇಡೀ ನೌಕರಿಯಲ್ಲಿ ಯಾವ ಇನ್ಸ್‌ಪೆಕ್ಟರೂ ಯಾವ ಅಂಗಡಿಯವನಿಗೂ ಆಡದ ಮಾತು ಅದು. ಕಾಗದ ಹಿಡಿದು ಹೊರಗಿನ ಬೆಂಚಿಗೆ ಬಂದೆ.

ಆ ಬೆಂಚಿನ ಬಗ್ಗೆ ಹೇಳಲೇಬೇಕು. ಉದ್ದನೆಯ ಮರದ ಬೆಂಚು, ಅದರ ಮೇಲೆ ಐದಾರು ಸೊಂಟಗಳು, ಒಂದೂ ನೆಟ್ಟಗಿಲ್ಲ. ಹಿರಿಯರೆಂದರೆ ಮುರುಗೇಶಣ್ಣ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿ ನಿವೃತ್ತರಾದವರು, ನ್ಯೂ ಟೌನ್‌ನಲ್ಲೇ ಮನೆ. ಅವರ ಪಕ್ಕದಲ್ಲಿ, ನೋಡಿದರೆ, ಹಳೇ ಪೇಟೆಯ ಕಿರಾಣಿ ಅಂಗಡಿ ಶೇಖರಪ್ಪ. ನಾಲ್ಕು ವರ್ಷದ ಹಿಂದೆ ಅವರ ಅಂಗಡಿಗೆ ಹೋದಾಗ ತಕ್ಕಡಿಗೆ ಮೂರು ವರ್ಷದಿಂದ ಮೊಹರಿರಲಿಲ್ಲ. ಆ ಮನುಷ್ಯ ಮೋಸಗಾರನಲ್ಲ. ತೂಗಿ ನೋಡಿದರೆ ತಕ್ಕಡಿ ಅವರಿಗೇ ನಷ್ಟವಾಗುವ ಹಾಗೆ ವಾಲಿತ್ತು. ಆದರೂ ಬೇಜವಾಬ್ದಾರಿ ಬೇಜವಾಬ್ದಾರಿಯೇ. "ಯಾಕ್ರೀ ಕ್ಯಾಂಪಿಗೆ ತರಲಿಲ್ಲ?" ಅಂದರೆ, "ದಿನಾ ಕಣ್ಣೆದುರಿಗೇ ಇರುತ್ತಲ್ಲ ಸಾರ್, ಅದಕ್ಕೇನಾಗಿರುತ್ತೆ?" ಅಂದಿದ್ದರು. ನಾನು ಅಂಗಡಿ ತುಂಬ ಗಿರಾಕಿಗಳಿರುವಾಗಲೇ ಬೆರಳೆತ್ತಿ, "ದಿನಾ ನೋಡೋರಿಗೇ ಕಣ್ರೀ ಕಾಣ್ಸೋದಿಲ್ಲ!" ಎಂದು ಗುಡುಗಿ ಕೇಸು ಬರೆದಿದ್ದೆ. ಆ ಮಾತು ನನಗೆಷ್ಟು ಹಿಡಿಸಿತ್ತೆಂದರೆ ಮನೆಗೆ ಬಂದು ಗಿರಿಜಳಿಗೂ ಎರಡು ಸಲ ಹೇಳಿದ್ದೆ. ಈಗ ಅದೇ ಶೇಖರಪ್ಪ ಬೆಂಚಿನ ಮೇಲೆ ಒಂದು ಚೂರು ಸರಿದು, "ಬನ್ನಿ ಇನ್ಸ್‌ಪೆಕ್ಟ್ರೇ, ನಮ್ ಸಾಲಿಗೇ ಬಂದ್ರಲ್ಲ" ಎಂದು ಜಾಗ ಕೊಟ್ಟರು.

ನಾನು ಪೆನ್ನು ತೆಗೆದು ಪ್ರಾಮಾಣಿಕವಾಗಿ ಶುರು ಮಾಡಿದೆ. ಕಂಬಿ ಹಿಡಿಯುತ್ತೇನೆಯೇ? ಹೌದು. ಪಂಕ್ತಿ? ಹೌದು, ಆಗುವುದಿಲ್ಲ. ಹೀಗೆ ಗುರುತು ಹಾಕುತ್ತ ಹೋದೆ. ಹದಿನೆಂಟು, ಹತ್ತೊಂಬತ್ತು ಆಗಿರಬೇಕು. ಮುರುಗೇಶಣ್ಣ ಕತ್ತು ಚಾಚಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯಯ್ಯೋ ಸಾಮಿ, ಏನ್ ಮಾಡ್ತಾ ಇದೀರಾ? ಇಷ್ಟೊಂದು ಹಾಕ್ಬೇಡಿ!"

"ಯಾಕೆ?"

"ಹದಿನೈದು ದಾಟಿದ್ರೆ ಕತ್ತೀನೇ. ನಮ್ ಸೆಲ್ವರಾಜು ಹದಿನೇಳು ಹಾಕಿದ ಪಾರ್ಟಿ. ಮುಂದಿನ್ ವಾರ ಬೆಂಚಲ್ಲಿ ಇಲ್ಲ. ಕೇಳಿದ್ರೆ ಘಟ್ಟದ ಕೆಳಗೆ ದೊಡ್ಡಾಸ್ಪತ್ರೇಲಿ ಆಪರೇಷನ್ ಆಯ್ತು ಅಂದ್ರು. ಬೆನ್ನು ಕುಯ್ದ್ರೆ ಕಾಲು ಹೋಯ್ತು ಅಂತಾನೇ ಲೆಕ್ಕ. ನೋಡಿ, ನಾವೆಲ್ಲ ಹದಿನಾಲ್ಕು, ಹದಿಮೂರು, ಅಷ್ಟೇ ಹಾಕೋದು."

ಬೆಂಚಿಗೆ ಬೆಂಚೇ ತಲೆಯಾಡಿಸಿತು. ನಗಬೇಡಿ. ನನಗೆ ಆಪರೇಷನ್ ಅಂದರೆ ಎಷ್ಟು ಭಯವೆಂದರೆ ಕ್ಷೌರದಂಗಡಿಯಲ್ಲಿ ಕತ್ತಿನ ಹಿಂದೆ ಬ್ಲೇಡು ತಾಗಿದರೂ ಬೆವರುತ್ತೇನೆ. ಬೆನ್ನು ಕುಯ್ದು, ಕಾಲು ಹೋಗಿ, ಹಾಸಿಗೆಯ ಮೇಲೆ ಗಿರಿಜಳ ಕೈಯಲ್ಲಿ ಗಂಜಿ ಕುಡಿಯುವ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಆ ಕ್ಷಣದಿಂದ ನನಗಿದ್ದ ಆಸೆ ಒಂದೇ: ಏನಾದರಾಗಲಿ, ಕತ್ತಿ ಬೆನ್ನಿಗೆ ಬೀಳಬಾರದು. ಜೇಬಿನಲ್ಲಿ ರಬ್ಬರಿರಲಿಲ್ಲ, ಹಾಕಿದ್ದು ಬಾಲ್‌ಪೆನ್ನು. ಒಳಗೆ ಹೋಗಿ "ಕಾಗದದ ಮೇಲೆ ಕಾಫಿ ಬಿತ್ತು" ಎಂದು ಸುಳ್ಳು ಹೇಳಿ ಇನ್ನೊಂದು ಕಾಗದ ತಂದೆ. ಈ ಸಲ ಒಂದೊಂದು ಸಾಲಿಗೂ ಲಾಯರಿನ ಹಾಗೆ ವಾದ ಹೂಡಿದೆ. ಬಿದ್ದದ್ದನ್ನು ಎತ್ತಿಕೊಳ್ಳಲಾಗುವುದಿಲ್ಲವೇ? ಮನೆಯಲ್ಲಿ ನನ್ನ ವಸ್ತು ನೆಲಕ್ಕೆ ಬಿದ್ದದ್ದನ್ನೇ ನೋಡಿ ಎಷ್ಟು ದಿನವಾಯಿತು, ಎತ್ತುವ ಪ್ರಶ್ನೆ ಎಲ್ಲಿ ಬಂತು? ಗುರುತು ಬೇಡ. ಚಪ್ಪಲಿ ಹಾಕಿಕೊಳ್ಳಲು ಕಷ್ಟವೇ? ಇಲ್ಲವಲ್ಲ, ಚಪ್ಪಲಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಇರುತ್ತದೆ, ಆರಾಮ. ಸ್ನಾನದ ಬಕೆಟ್ಟು? ಅದೂ ಕಟ್ಟೆಯ ಮೇಲೇ ಇರುತ್ತದೆ. ಮನೆಯವರ ಮೇಲೆ ಸಿಟ್ಟು? ಛೆ ಛೆ, ನಾನೆಲ್ಲಿ. ಕೂಡಿ ನೋಡಿದೆ, ಹದಿನಾಲ್ಕು. ಸೊಂಟ ಪಾಸೂ ಆಯಿತು, ಕತ್ತಿಯೂ ತಪ್ಪಿತು. ಸಮಾಧಾನದಿಂದ ತಲೆಯೆತ್ತಿದರೆ ಶೇಖರಪ್ಪ ನನ್ನನ್ನೇ ನೋಡುತ್ತಿದ್ದಾರೆ.

"ಏನಿಲ್ಲ ಇನ್ಸ್‌ಪೆಕ್ಟ್ರೇ," ಅಂದರು ಮೆಲ್ಲಗೆ. "ನೀವೂ ತೂಕದಲ್ಲಿ ಸ್ವಲ್ಪ ಕಮ್ಮಿ ಕೊಡ್ತೀರಿ ಅಂತ ಗೊತ್ತಿರಲಿಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೂ ಇಳಿಯುವುದಕ್ಕೆ ಬಗ್ಗಬೇಕಿತ್ತು.

ಮುಂದಿನ ಗುರುವಾರ ಹನ್ನೆರಡು ಹಾಕಿದೆ. ಅದರ ಮುಂದಿನ ಗುರುವಾರ ಒಂಬತ್ತು. ಚಟ ಅಂದರೆ ಹಾಗೆ, ಮೊದಲ ಸಲ ಕೈ ಹಿಂಜರಿಯುತ್ತದೆ, ಆಮೇಲೆ ಅದೇ ಓಡುತ್ತದೆ. ಬೆಂಚಿನಲ್ಲಿ ಎಲ್ಲರದ್ದೂ ಇದೇ ಕಥೆ. ಎಸ್ಸೆಸ್ಸೆಲ್ಸಿ ಮಕ್ಕಳ ಹಾಗೆ "ನಿಮಗೆಷ್ಟು? ನಿಮಗೆಷ್ಟು?" ಎಂದು ಕೇಳಿಕೊಳ್ಳುತ್ತಿದ್ದೆವು, ಕಡಿಮೆ ಬಂದವನು ಜಂಬ ಪಡುತ್ತಿದ್ದ. ಡಾಕ್ಟ್ರಮ್ಮನ ಸಂತೋಷ ಹೇಳತೀರದು. ಬಂದ ಎರಡು ತಿಂಗಳಲ್ಲೇ ನ್ಯೂ ಟೌನಿನ ಸೊಂಟಗಳೆಲ್ಲ ಗುಣವಾಗುತ್ತಿವೆ! ಗೋಡೆಗೆ ಒಂದು ಪಟ್ಟಿ ಹಾಕಿ ನಮ್ಮೆಲ್ಲರ ಗೆರೆ ಇಳಿಯುತ್ತಿರುವುದನ್ನು ಬಣ್ಣದ ಪೆನ್ನಿನಲ್ಲಿ ಬರೆದಿದ್ದಳು. ಆದರೆ ಒಳಗಿನಿಂದ ಹೆಸರು ಕರೆದಾಗ ಈ ಗುಣವಾದವರು ಬೆಂಚಿನಿಂದ ಏಳುವುದನ್ನು ನೋಡಬೇಕಿತ್ತು. ಮೊದಲು ಮುಂದಕ್ಕೆ ಜಾರುವುದು, ಆಮೇಲೆ ಪಕ್ಕದವನ ತೊಡೆ ಹಿಡಿಯುವುದು, ಆಮೇಲೆ "ಶಿವಾ" ಅಥವಾ "ಮುರುಗಾ", ಆಮೇಲೆ ಗೋಡೆ. ಮುರುಗೇಶಣ್ಣ ಏಳುವಷ್ಟರಲ್ಲಿ ಡಾಕ್ಟ್ರಮ್ಮ ಇನ್ನೊಂದು ಸಲ ಕರೆಯುತ್ತಿದ್ದಳು, ಇಲ್ಲವೆಂದು ತಿಳಿದು ಮುಂದಿನ ಹೆಸರಿಗೂ ಹೋಗುತ್ತಿದ್ದಳು.

ಒಂಬತ್ತು ಬಂದದ್ದೇ ನನಗೆ ಮುಳುವಾಯಿತು. "ಭೇಷ್ ಸಾರ್! ಇನ್ನು ಬಗ್ಗಿ ಏಳೋ ವ್ಯಾಯಾಮ ಶುರು ಮಾಡೋಣ, ಕೈಯಲ್ಲಿ ಮರಳಿನ ಚೀಲ ಹಿಡ್ಕೊಂಡು" ಅಂದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಬೇಡವೆಂದರೆ ಒಂಬತ್ತು ಸುಳ್ಳಾಗುತ್ತದೆ. ಮಾಡಿದೆ. ಆ ವಾರ ಪಟ್ಟ ಪಾಡು ವೈರಿಗೂ ಬೇಡ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎಷ್ಟು ಹಂಪು ಇವೆ ಎಂದು ಬೇಕಾದರೆ ಕೇಳಿ, ಒಂದೊಂದೂ ನನ್ನ ಬೆನ್ನಿನಲ್ಲಿ ದಾಖಲಾಗಿದೆ. ಮನೆಯಲ್ಲಿ ನಾನು ಮುಟ್ಟಿದರೆ ಸಿಡಿಯುತ್ತಿದ್ದೆ. ಕಾಫಿ ಬಿಸಿಯಾಯಿತೆಂದು ರೇಗಿದೆ, ತಣ್ಣಗಾಯಿತೆಂದು ರೇಗಿದೆ, ಸ್ಟೂಲಿನ ಮೇಲಿದ್ದ ಚಪ್ಪಲಿ ಒಂದು ಗೇಣು ಆಚೆ ಇದೆಯೆಂದು ರೇಗಿದೆ. ನಡುವೆ ಒಂದು ಮಾತು ಹೇಳಿಬಿಡುತ್ತೇನೆ, ಫ್ರಿಜ್ಜಿನ ಹತ್ತಿರ ನಿಂತು ಕಾಲು ಸೋತಿತು, ಈಗ ಕಿಟಕಿಯ ಕಟ್ಟೆಗೆ ಬಂದಿದ್ದೇನೆ. ಅಕ್ಷರ ಬದಲಾಗಿದ್ದರೆ ಅದಕ್ಕೇ. ಹಾಂ, ಗಿರಿಜ. ಅವಳು ಚಪ್ಪಲಿಯನ್ನು ಒಂದು ಗೇಣು ಈಚೆ ಇಟ್ಟು ಕೇಳಿದಳು:

"ಅಂಕ ವಾರ ವಾರ ಇಳೀತಿದೆ ಅಂತೀರಿ. ಸಿಟ್ಟು ಯಾಕ್ರೀ ಏರ್ತಿದೆ?"

"ಅದೆಲ್ಲ ನಿಂಗೆ ಅರ್ಥ ಆಗಲ್ಲ. ಅದು ವೈಜ್ಞಾನಿಕ."

"ಹಾಗಾದ್ರೆ ಈ ಗುರುವಾರ ನಾನೂ ಬರ್ತೀನಿ. ವಿಜ್ಞಾನ ನೋಡಿ ಸುಮಾರು ದಿನ ಆಯ್ತು" ಅಂದಳು.

ಬೇಡವೆಂದೆ. ಬಸ್ಸು ರಶ್ಶು ಅಂದೆ. ಬಿಸಿಲು ಅಂದೆ. ಬಂದೇ ಬಂದಳು. ಅಲ್ಲಿ ಹೋದರೆ ಡಾಕ್ಟ್ರಮ್ಮ ಅವಳನ್ನು ಕಂಡ ಕೂಡಲೇ ಮುಖ ಅರಳಿಸಿ, "ಒಳ್ಳೇದಾಯ್ತಮ್ಮ, ಮನೆಯವ್ರೂ ಒಂದು ಸಲ ತುಂಬಿದ್ರೆ ಒಳ್ಳೇದು. ಇವ್ರ ಬಗ್ಗೆ ನೀವು ತುಂಬಿ" ಎಂದು ಒಂದು ಕಾಗದ ಕೊಟ್ಟುಬಿಟ್ಟಳು. ನಾನು ಗಿರಿಜಳ ಕಾಲನ್ನು ನನ್ನ ಕಾಲಿನಿಂದ ಮೆಲ್ಲಗೆ ಒತ್ತಿದೆ. ಅವಳು ಕಾಲು ಈಚೆ ಎಳೆದುಕೊಂಡಳು. ಬೆಂಚಿನಲ್ಲಿ ಕೂತು, ಪೆನ್ನು ನಿಲ್ಲಿಸದೆ, ರಂಗೋಲಿ ಚುಕ್ಕಿ ಇಟ್ಟ ಹಾಗೆ ಟಕ ಟಕ ಇಟ್ಟುಕೊಂಡು ಹೋದಳು. ಯೋಚನೆಯಿಲ್ಲ, ತಡೆಯಿಲ್ಲ. ಇಪ್ಪತ್ತೊಂದು! ನಾನು ಆ ದಿನ ತುಂಬಿದ್ದು ಎಂಟು.

ಡಾಕ್ಟ್ರಮ್ಮ ನಮ್ಮಿಬ್ಬರನ್ನೂ ಒಳಗೆ ಕರೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಬಾಗಿಲು ತೆರೆದಿತ್ತು, ಬೆಂಚು ಕಿವಿಯಾಗಿತ್ತು. "ಸಾರ್, ನೀವು ತೂಕದ ಇಲಾಖೆಯವ್ರು. ನೀವೇ ಹೇಳಿ, ಒಂದೇ ಮೂಟೆ, ಒಂದು ತಕ್ಕಡೀಲಿ ಎಂಟು, ಇನ್ನೊಂದ್ರಲ್ಲಿ ಇಪ್ಪತ್ತೊಂದು. ಯಾವುದನ್ನ ಸೀಜ್ ಮಾಡ್ತೀರಿ?"

ನಾನು ಗಿರಿಜಳ ಕಡೆ ತಿರುಗಿ, "ಆಯ್ತಲ್ಲ ನಿಂಗೆ ಸಮಾಧಾನ? ಇನ್ನು ಕತ್ತಿ ಹಾಕಿಸು ನನ್ನ ಬೆನ್ನಿಗೆ!" ಎಂದು ಕೂಗಿದೆ. ಕೂಗಿದ್ದರಲ್ಲಿ ಅಳುವೂ ಇತ್ತೆಂದು ಆಮೇಲೆ ಮುರುಗೇಶಣ್ಣ ಎಲ್ಲರಿಗೂ ಹೇಳಿದರು. ಇರಬಹುದು. ಯಾವ ಕತ್ತಿ ಎಂದು ಡಾಕ್ಟ್ರಮ್ಮ ಕೇಳಿದಳು. ಹದಿನೈದು, ಸೆಲ್ವರಾಜು, ಘಟ್ಟದ ಕೆಳಗಿನ ಆಸ್ಪತ್ರೆ, ಎಲ್ಲವೂ ನನ್ನ ಬಾಯಿಂದ ಹೊರಬಿತ್ತು. ಆಕೆ ತಲೆ ಹಿಡಿದುಕೊಂಡು ಕೂತಳು.

"ಸೆಲ್ವರಾಜು ಹೋಗಿದ್ದು ಕಣ್ಣಿನ ಪೊರೆ ತೆಗ್ಸೋಕೆ! ಇನ್ನೊಂದು ವಿಷಯ. ನಾನು ಆಪರೇಷನ್ ಮಾಡೋ ಡಾಕ್ಟ್ರೇ ಅಲ್ಲ. ವ್ಯಾಯಾಮ ಮಾಡ್ಸೋಳು, ಫಿಸಿಯೋಥೆರಪಿ. ಬೋರ್ಡಲ್ಲಿ ಅಷ್ಟುದ್ದ ಬರ್ಸಿದೀನಿ, ಒಬ್ರೂ ಓದಿಲ್ವಾ? ನನ್ನ ಹತ್ರ ಇರೋದು ಬ್ಯಾಂಡೇಜು ಕತ್ತರ್ಸೋ ಒಂದು ಕತ್ತರಿ. ಅದೂ ಮೊಂಡು."

ಹೊರಗೆ ಬೆಂಚು ಕಿರುಗುಟ್ಟಿತು. ಐದೂ ಸೊಂಟಗಳು ಒಟ್ಟಿಗೆ ಎದ್ದು, ಅಂದರೆ ಏಳಲು ಶುರುಮಾಡಿ, ತಮ್ಮ ತಮ್ಮ ಕಾಗದ ವಾಪಸು ಕೇಳತೊಡಗಿದವು. "ಡಾಕ್ಟ್ರಮ್ಮಾ, ನಂದು ಹನ್ನೊಂದಲ್ಲ, ಇಪ್ಪತ್ಮೂರು!" ಎಂದು ಮುರುಗೇಶಣ್ಣ ಹೆಮ್ಮೆಯಿಂದ ಸಾರಿದರು. ಗೋಡೆಯ ಪಟ್ಟಿಯನ್ನು ಡಾಕ್ಟ್ರಮ್ಮ ತಾನೇ ಎದ್ದು ಕಿತ್ತು ಮಡಿಸಿ ಡ್ರಾಯರಿಗೆ ಹಾಕಿದಳು. ಪಾಪ, ಬಣ್ಣದ ಪೆನ್ನಿನಲ್ಲಿ ಎಷ್ಟು ಅಂದವಾಗಿ ಬರೆದಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನಿಮ್ಮ ಮುಂದೆ ನಗುನಗುತ್ತ ಹೇಳಬಹುದಿತ್ತು. ಪಟ್ಟಿ ಕೀಳುವ ಗಡಿಬಿಡಿಯಲ್ಲಿ ಡಾಕ್ಟ್ರಮ್ಮನ ಪೆನ್ನು ಮೇಜಿನಿಂದ ಉರುಳಿ ನನ್ನ ಕಾಲ ಬಳಿ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳಲು ಆಗುತ್ತದೆ ಎಂದು ನಾಲ್ಕು ವಾರ ಬರೆದುಕೊಟ್ಟವನು ನಾನು. ಎತ್ತಲೋ ಬೇಡವೋ ಎಂದು ನೋಡುತ್ತಿದ್ದ ಹಾಗೇ ಗಿರಿಜ ಕುರ್ಚಿಯಿಂದ ಎದ್ದು ಬಗ್ಗಿ ಪೆನ್ನು ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು. ಯಾರೂ ಹೇಳಿರಲಿಲ್ಲ. ಅವಳಿಗೂ ತಾನು ಎದ್ದದ್ದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಮೇಲೆ ಬರುವಾಗ ಮಾತ್ರ ಒಂದು ಕೈ ಮೇಜಿನ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ ಇತ್ತು. ತುಟಿ ಬಿಗಿದಿತ್ತು. ಡಾಕ್ಟ್ರಮ್ಮ ಅದನ್ನೇ ನೋಡಿದಳು.

"ಅಮ್ಮಾ, ದಿನಕ್ಕೆ ಎಷ್ಟು ಸಲ ಹೀಗೆ ಬಗ್ತೀರಾ?"

"ಅಯ್ಯೋ, ಅದನ್ನೆಲ್ಲ ಯಾರು ಎಣಿಸ್ತಾರೆ ಡಾಕ್ಟ್ರೇ. ಇವ್ರಿಗೆ ಆಗಲ್ವಲ್ಲ, ಬೀಳೋಕ್ಕಿಂತ ಮೊದ್ಲೇ ಎಲ್ಲಾನೂ ಮೇಲೆ ಇಡೋದು ರೂಢಿ ಆಗ್ಬಿಟ್ಟಿದೆ. ಬಕೆಟ್ಟು, ಚಪ್ಪಲಿ, ಪೇಪರ್ರು."

"ನಿಮ್ಗೂ ನೋವಿದೆಯಾ?"

ಗಿರಿಜ ಬಾಯಿ ತೆರೆಯುವ ಮೊದಲೇ ನಾನು ಉತ್ತರ ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ, ಅವಳ ಪರವಾಗಿ ಉತ್ತರ ಕೊಟ್ಟು ನನಗೆ ರೂಢಿ. "ಇಲ್ಲ ಡಾಕ್ಟ್ರೇ," ಅಂದೆ ನಗುತ್ತ. "ದಿನಾ ಕಣ್ಣೆದುರಿಗೇ ಇರ್ತಾಳಲ್ಲ, ಅವಳಿಗೇನಾಗಿರುತ್ತೆ?"

ಬಾಗಿಲಲ್ಲಿ ತಮ್ಮ ಕಾಗದಕ್ಕೆ ಕಾದು ನಿಂತಿದ್ದ ಶೇಖರಪ್ಪ ನಿಧಾನವಾಗಿ ತಲೆ ಎತ್ತಿದರು. ನಾನು ಆ ಮಾತನ್ನು ಎಲ್ಲಿ ಕೇಳಿದ್ದೆನೆಂದು ನನಗೆ ಅವರ ಮುಖ ನೋಡಿದ ಮೇಲೆಯೇ ನೆನಪಾದದ್ದು. ಗಿರಾಕಿಗಳೆದುರು ಅವರನ್ನು ನಿಲ್ಲಿಸಿ ಬೆರಳೆತ್ತಿದ ದಿನ ನೆನಪಾಯಿತು. ಅವರು ಬೆರಳೆತ್ತಲಿಲ್ಲ, ಗುಡುಗಲೂ ಇಲ್ಲ. ನನಗೊಬ್ಬನಿಗೇ ಕೇಳುವ ಹಾಗೆ, "ದಿನಾ ನೋಡೋರಿಗೇ ಸಾರ್ ಕಾಣ್ಸೋದಿಲ್ಲ" ಅಂದರು. ಅಂದು, ಬಾಗಿಲು ಎಳೆದುಕೊಂಡು ಹೊರಗೆ ಹೋದರು.

ಡಾಕ್ಟ್ರಮ್ಮ ಹೊಸದೊಂದು ಕಾಗದ ತೆಗೆದು ಮೇಲೆ ಗಿರಿಜಳ ಹೆಸರು ಬರೆದಳು. ಅವಳ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. "ಅವ್ರು ನಿಮ್ದನ್ನ ತುಂಬಿದ ಹಾಗೆ ನೀವು ಅವ್ರದ್ದನ್ನ ತುಂಬಿ ಸಾರ್."

ಬೆಂಚಿಗೆ ಬಂದು ಪೆನ್ನು ತೆಗೆದೆ. ಬಸ್ಸು ಹತ್ತುವಾಗ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆಯೇ? ಬೆಳಿಗ್ಗೆ ತಾನೇ ಒಟ್ಟಿಗೆ ಬಂದಿದ್ದೆವು, ಆದರೆ ನಾನು ಮೊದಲು ಹತ್ತಿದ್ದೆ, ತಿರುಗಿ ನೋಡಿರಲಿಲ್ಲ. ಊಟಕ್ಕೆ ನೆಲದ ಮೇಲೆ ಕೂರುತ್ತಾಳೆಯೇ? ಬಡಿಸಿದ್ದು ಗೊತ್ತು, ತಾನು ಎಲ್ಲಿ, ಹೇಗೆ ಉಣ್ಣುತ್ತಾಳೆ ಎಂದು ನೆನಪು ಮಾಡಿಕೊಂಡರೆ ಬರೀ ಅಡುಗೆಮನೆಯ ಬಾಗಿಲು ಕಾಣುತ್ತದೆ. ನೋವಿನಿಂದ ರಾತ್ರಿ ನಿದ್ದೆ ಕೆಡುತ್ತದೆಯೇ? ಒಂದು ಸಾಲು ಬಿಟ್ಟೆ, ಇನ್ನೊಂದು ಬಿಟ್ಟೆ. ಇಪ್ಪತ್ತೈದರಲ್ಲಿ ಒಂಬತ್ತು ಖಾಲಿ ಉಳಿದವು. ಗೊತ್ತಿದೆಯೆಂದು ತುಂಬಿದ ಹದಿನಾರರಲ್ಲೂ ಎಷ್ಟು ಊಹೆಯೋ ನನಗೇ ಹೇಳಲಾಗದು. ಅವಳು ಪೆನ್ನು ನಿಲ್ಲಿಸದೆ ತುಂಬಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳನ್ನು ಮೊದಲು ಹತ್ತಿಸಿದೆ. ಎರಡೂ ಕೈ. ಕಿಟಕಿಯ ಸೀಟಿನಲ್ಲಿ ಕೂರಿಸಿ, ಪಕ್ಕದಲ್ಲಿ ನಿಂತು, ಕಾಗದ ಬಿಡಿಸಿ ಇಲಾಖೆಯ ವಿಚಾರಣೆಯ ಧಾಟಿಯಲ್ಲೇ ಕೇಳಿದೆ. ಬೇರೆ ಧಾಟಿ ನನಗೆ ಬರುವುದಿಲ್ಲ.

"ರಾತ್ರಿ ಎಷ್ಟು ಸಲ ಎಚ್ಚರ ಆಗುತ್ತೆ ನಿಂಗೆ?"

ಗಿರಿಜ ಹೊರಗೆ ನೋಡುತ್ತಲೇ ಹೇಳಿದಳು: "ನೀವು ಎಷ್ಟು ಸಲ ಮಗ್ಗುಲು ಬದಲಾಯಿಸ್ತೀರೋ ಅಷ್ಟು ಸಲ."

ಮಾಚೇನಹಳ್ಳಿಯ ಹಂಪು ಬಂತು. ನನ್ನ ಬೆನ್ನಿಗೆ ಏನಾಯಿತೋ ನೋಡಲಿಲ್ಲ, ಅವಳ ಮುಖ ನೋಡಿದೆ. ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು, ಹಂಪು ದಾಟಿದ ಮೇಲೆ ಬಿಟ್ಟಳು. ನನಗಿಂತ ಸದ್ದಿಲ್ಲದೆ.

ಈಗ ಪ್ರತಿ ಗುರುವಾರ ಇಬ್ಬರೂ ಹೋಗುತ್ತೇವೆ. ಡಾಕ್ಟ್ರಮ್ಮನ ಹೊಸ ನಿಯಮದಂತೆ ಬೆಂಚಿನಲ್ಲಿ ಯಾರೂ ತಮ್ಮದನ್ನು ತಾವು ತುಂಬುವ ಹಾಗಿಲ್ಲ, ಮನೆಯವರೇ ತುಂಬಬೇಕು. ಹಾಗಾಗಿ ಬೆಂಚು ಸಾಲದೆ ಇನ್ನೊಂದು ತರಿಸಿದ್ದಾಳೆ. ನನ್ನದು ಹದಿನೇಳಕ್ಕೆ ಇಳಿದಿದೆ, ಇದು ಗಿರಿಜಳ ಮೊಹರು ಬಿದ್ದ ಹದಿನೇಳು. ಅವಳದ್ದು ಎಷ್ಟು ಎಂದು ಕೇಳಬೇಡಿ. ಮೊದಲ ದಿನದ ಆ ಕಾಗದ ಇನ್ನೂ ನನ್ನ ಆಫೀಸಿನ ಚೀಲದಲ್ಲೇ ಇದೆ, ಹಿತ್ತಾಳೆಯ ಪುಟ್ಟ ಸರ್ಕಾರಿ ಕಲ್ಲುಗಳ ಪೆಟ್ಟಿಗೆಯ ಪಕ್ಕದಲ್ಲಿ. ಖಾಲಿ ಬಿಟ್ಟ ಒಂಬತ್ತರಲ್ಲಿ ಐದು ತುಂಬಿದ್ದೇನೆ, ನಾಲ್ಕು ಬಾಕಿ. ಬಾಕಿ ಇಟ್ಟವನು ಅಂಗಡಿಯವನಾಗಿದ್ದರೆ ಏಳು ದಿನದ ನೋಟಿಸು ಕೊಟ್ಟಿರುತ್ತಿದ್ದೆ.